ಒಂದೇ ಉಸಿರಿನ ಮೂರು ಪ್ರಶ್ನೆ

ನಮ್ಮಪ್ಪನಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಒಂದೇ ಉಸಿರಿಗೆ ಮೂರು ಪ್ರಶ್ನೆ ಕೇಳುತ್ತಿದ್ದರು. "ಸ್ಕೂಲಿಂದ ಯಾವಾಗ ಬಂದೆ, ಊಟ ಆಯ್ತಾ, ಚಪ್ಪಲಿ ಯಾಕೆ ಇಲ್ಲಿ ಬಿದ್ದಿದೆ?" ಅಂತ. ನಾನೂ ಜಾಣೆ, ಮೂರರಲ್ಲಿ ಯಾವುದು ಸುಲಭವೋ ಅದಕ್ಕೆ ಉತ್ತರ ಕೊಟ್ಟು ಜಾರಿಕೊಳ್ಳುತ್ತಿದ್ದೆ. ಮನೆಯಲ್ಲಿ ಅದೊಂದು ತಮಾಷೆ. ಆ ತಮಾಷೆಯಿಂದಲೇ ನಮ್ಮ ಮನೆ ಎರಡು ಹೋಳಾಗುವುದರಲ್ಲಿತ್ತು ಅಂದರೆ ಈಗ ನನ್ನ ಮಕ್ಕಳೂ ನಂಬುವುದಿಲ್ಲ.

ಅಪ್ಪ ಮಿಷನ್ನಿನ ಉಪದೇಶಿ. ಭಾನುವಾರ ಆರಾಧನೆ ನಡೆಸುವುದು, ವಾರವೆಲ್ಲ ಸೈಕಲ್ ತುಳಿದು ಹಳ್ಳಿ ಹಳ್ಳಿಗೆ ಹೋಗಿ ಅಕ್ಷರ ಕಲಿಸುವುದು, ಕಾಯಿಲೆ ಬಿದ್ದವರನ್ನು ಆಸ್ಪತ್ರೆಗೆ ಸೇರಿಸುವುದು ಅವರ ಕೆಲಸ. ಒಂದು ಊರಿನಲ್ಲಿ ಬೇರು ಬಿಡುವಷ್ಟರಲ್ಲಿ ಮಿಷನ್ನಿನಿಂದ ಕಾಗದ ಬರುತ್ತಿತ್ತು, ನಾವು ಹೊರಡುತ್ತಿದ್ದೆವು. ಹದಿಮೂರು ತುಂಬುವಷ್ಟರಲ್ಲಿ ನಾನು ನಾಲ್ಕು ಸ್ಕೂಲು ನೋಡಿಯಾಗಿತ್ತು. ಅಮ್ಮನ ಕಬ್ಬಿಣದ ಟ್ರಂಕಿನಲ್ಲಿ ತಳದ ಬಟ್ಟೆಗಳು ಯಾವ ಊರಿನಲ್ಲೂ ಹೊರಗೆ ಬರಲಿಲ್ಲ. ಮದುವೆಗೆ ಮುಂಚೆ ಅವಳೇ ಕೂತು ಕಸೂತಿ ಹಾಕಿದ್ದ ಕಿಟಕಿ ಪರದೆಗಳು ಅಲ್ಲೇ ಮಡಿಕೆ ಹಳದಿಯಾಗಿ ಕೂತಿದ್ದವು. "ತೆಗೆದು ಏನ್ ಮಾಡ್ಲಿ? ಮತ್ತೆ ನಾನೇ ತಾನೇ ತುಂಬ್ಬೇಕು" ಅನ್ನುತ್ತಿದ್ದಳು.

"ಎಲ್ಲಾ ದೇವರ ಚಿತ್ತ" ಅಂತ ಅಪ್ಪ ಹೇಳಿದರೆ ಅಮ್ಮ ಸುಮ್ಮನಿರುತ್ತಿರಲಿಲ್ಲ. "ಅದೇನ್ರೀ, ದೇವರ ಚಿತ್ತ ಯಾವಾಗ್ಲೂ ನಿಮ್ ಚಿತ್ತದ ಹಿಂದೇನೇ ಬರುತ್ತೆ?"

ಆದರೆ ಚಿನ್ನದ ಗಣಿಯ ಕೋರಮಂಡಲ್‌ಗೆ ಬಂದಾಗ ನಾವು ಯಾರೂ ಗೊಣಗಲಿಲ್ಲ. ಅದು ಅಪ್ಪ ಹುಟ್ಟಿ ಬೆಳೆದ ಜಾಗ. ಗಣಿಯಲ್ಲಿ ದುಡಿದು ಧೂಳು ಕುಡಿದು ತೀರಿಕೊಂಡಿದ್ದ ನಮ್ಮ ತಾತನ ಹೆಂಡತಿ, ನಮ್ಮ ಪಾಟಿ, ಮಾರಿಕುಪ್ಪಂನಲ್ಲಿ ಮಗಳ ಮನೆಯಲ್ಲಿದ್ದಳು. ನಾವು ಬಂದ ವಾರಕ್ಕೇ ಒಂದು ಚೀಲ, ನಾಲ್ಕು ಕೋಳಿ ಹಿಡಿದುಕೊಂಡು ನಮ್ಮಲ್ಲಿಗೆ ಬಂದುಬಿಟ್ಟಳು. ಚರ್ಚಿನ ಹಿಂದಿನ ಎರಡು ಕೋಣೆಯ ಮನೆ. ನನ್ನ ಚಾಪೆಯಲ್ಲಿ ಅರ್ಧ ಅವಳದು. ಅವಳ ಸೆರಗಿನ ಎಲೆಅಡಿಕೆ ವಾಸನೆಯಿಲ್ಲದೆ ನನಗೆ ನಿದ್ದೆ ಬರುತ್ತಿರಲಿಲ್ಲ ಅಂದರೆ ನೋಡಿ.

ನಮ್ಮ ಮನೆಯ ಭಾಷೆ ಅಂತ ಯಾರಾದರೂ ಕೇಳಿದರೆ ನಾನು ಕಕ್ಕಾಬಿಕ್ಕಿ. ಬಂಗಾರಪೇಟೆ ಕಡೆಯ ಅಮ್ಮನದು ಕನ್ನಡ. ಗಣಿಯ ಲೈನಿನಲ್ಲಿ, ಅಂದರೆ ಕೂಲಿಗಳ ಸಾಲುಮನೆಯಲ್ಲಿ, ಬೆಳೆದ ಅಪ್ಪನದು ತಮಿಳು. ಪಾಟಿ ಆಂಧ್ರದ ಗಡಿಯ ಹತ್ತಿರದ ಹಳ್ಳಿಯವಳು, ಹುಟ್ಟಿದ ಭಾಷೆ ತೆಲುಗು. ಮದುವೆಯಾಗಿ ಲೈನಿಗೆ ಬಂದ ಮೇಲೆ ಎಲ್ಲರೂ ಅದನ್ನು ಮರೆತಿದ್ದರು. ತಾತ ಗಣಿಗೆ ಸೇರಿ, ಆಮೇಲೆ ಚರ್ಚಿಗೂ ಸೇರಿದರು ಅಂತ ತವರಿನವರು ಮುನಿಸಿಕೊಂಡಿದ್ದರಂತೆ. ಮುನಿಸು ಎಂದೋ ಆರಿಹೋಗಿತ್ತು, ಆದರೆ ಹೋಗಿ ಬರುವ ಅಭ್ಯಾಸ ತಪ್ಪಿಹೋಗಿತ್ತು. ಪಾಟಿಯ ಬಾಯಲ್ಲಿ ತೆಲುಗು ಬರುತ್ತಿದ್ದದ್ದು ಎರಡೇ ಸಲ: ಸಿಟ್ಟು ಬಂದಾಗ, ಮತ್ತೆ ಸಂಜೆ "ರಾವೇ, ರಾವೇ" ಅಂತ ಕೋಳಿ ಕರೆಯುವಾಗ.

ಮೂರು ವರ್ಷ ಹೀಗೆ ಸುಖವಾಗಿದ್ದೆವು. ನಾಲ್ಕನೆಯ ವರ್ಷ ಕಾಗದ ಬಂತು.

ಈ ಸಲ ಮಿಷನ್ನಿನವರು ದೊಡ್ಡ ಮನಸ್ಸು ಮಾಡಿ ಆಯ್ಕೆ ಕೊಟ್ಟಿದ್ದರು. ಒಂದು, ರಾಯಚೂರಿನಿಂದಾಚೆ ಒಂದು ಊರು. ಅಲ್ಲಿ ಕಾಂಪೌಂಡು, ಬಾವಿ, ಹೆಂಚಿನ ಬಂಗಲೆ, ಪಕ್ಕದಲ್ಲೇ ಹೈಸ್ಕೂಲು. ಇನ್ನೊಂದು, ಬಂಗಾರಪೇಟೆ ಆಚೆಯ ಹಳ್ಳಿಗಳು. ಅಲ್ಲಿ ಹೊಸ ಕೆಲಸ, ಚರ್ಚಿಲ್ಲ, ಮನೆಯೂ ಇಲ್ಲ. "ವಾಸಕ್ಕೆ ಮನೆ ನೀವೇ ನೋಡಿಕೊಳ್ಳುವುದಾದರೆ ಮಾತ್ರ" ಅಂತ ಬರೆದಿದ್ದರು. ಆ ಹಳ್ಳಿಗಳಲ್ಲಿ ಅಪ್ಪ ಆಗಲೇ ಓಡಾಡಿದ್ದರು. ಒಬ್ಬ ಗೌಡರು, "ಅಯ್ನೋರೆ, ನಿಮ್ ದ್ಯಾವ್ರು ನಿಮ್ಗಿರ್ಲಿ, ನಮ್ ದ್ಯಾವ್ರು ನಮ್ಗಿರ್ಲಿ. ನಮ್ ಮಕ್ಳಿಗೆ ಎಲ್ಡಕ್ಷರ ಕಲ್ಸಿ, ಓಗ್ಬ್ಯಾಡಿ" ಅಂದಿದ್ದರಂತೆ. ಅಪ್ಪನಿಗೆ ಅದು ಎದೆಗೆ ನಾಟಿತ್ತು. ಆದರೆ ಮನೆ ಕೊಡುವವರು ಯಾರೂ ಸಿಕ್ಕಿರಲಿಲ್ಲ. ಪಾಠಕ್ಕೆ ಬನ್ನಿ ಅನ್ನುವವರೂ ವಾಸಕ್ಕೆ ಅಂದಾಗ ತಲೆ ಕೆರೆದುಕೊಳ್ಳುತ್ತಿದ್ದರು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಎಲ್ಲರನ್ನೂ ಕೂರಿಸಿದರು. ಜೀವಮಾನದಲ್ಲಿ ಮೊದಲ ಸಲ ನಮ್ಮನ್ನೆಲ್ಲ ಕೇಳುತ್ತಿದ್ದರು, ಪಾಪ! ನಾನು "ಪಾಟಿ ಎಲ್ಲೋ ನಾನೂ ಅಲ್ಲೇ" ಅಂದೆ. ಅಮ್ಮ "ಮೊದ್ಲು ಅತ್ತೆನ್ನ ಕೇಳಿ" ಅಂದಳು. ಪಾಟಿ ಬಾಗಿಲಲ್ಲಿ ಕೂತು ಮೊರದ ತುಂಬ ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ಅಪ್ಪ ಅವಳ ಕಡೆ ತಿರುಗಿ, ಎಂದಿನಂತೆ ಒಂದೇ ಉಸಿರಿಗೆ ಕೇಳಿದರು: "ಅಮ್ಮಾ, ನಮ್ ಜೊತೆ ರಾಯಚೂರಿಗೆ ಬರ್ತೀಯಾ, ಇಲ್ಲಾಂದ್ರೆ ಎಲ್ಲಿರ್ತೀಯಾ, ನಿಂಗೇನ್ ಬೇಕು?"

ಪಾಟಿ ತಲೆಯೆತ್ತದೆ ಹೇಳಿದಳು: "ಇಲ್ಲೇ."

ಅಷ್ಟೇ. ಆ ಹೊತ್ತಿಗೆ ಸರಿಯಾಗಿ ಗಣಿಯ ಸೈರನ್ ಕೂಗಿತು. ಪಾಟಿ ಮೊರ ಎತ್ತಿಕೊಂಡು ಹಿತ್ತಲಿಗೆ ಹೋದಳು. ಒಂದು ಮಾತನ್ನು ಎರಡು ಸಲ ಹೇಳುವ ಹೆಂಗಸಲ್ಲ ಅವಳು. ಕೇಳಿಸಲಿಲ್ಲ ಅಂದರೆ ಕಿವಿ ತೊಳ್ಕೊಂಡು ಬಾ ಅನ್ನುವವಳು.

ನೋಡುತ್ತೇನೆ, ಅಪ್ಪನ ಮುಖ ಸಪ್ಪಗಾಗಿತ್ತು. "ಬರಲ್ಲ ಅಂದ್ಬಿಟ್ಟಳು" ಅಂದರು.

"ಯಾರಂದಿದ್ದು?" ಅಮ್ಮ ಸಿಡುಕಿದಳು. "ಇಲ್ಲೇ ಅಂದ್ರು. ಇಲ್ಲೇ, ಈ ಕಡೇನೇ ಇರೋಣ ಅಂತ."

"ತಮಿಳಲ್ಲಿ ಇಲ್ಲೇ ಅಂದ್ರೆ ಇಲ್ಲ. ಚಿಕ್ಕಂದಿನಿಂದ ಕೇಳಿದ್ದೀನಿ ಕಣೇ. ಸೈಕಲ್ ಕೊಡ್ಸು ಅಂದ್ರೆ ಇಲ್ಲೇ, ಸಿನಿಮಾಗೆ ಕಳ್ಸು ಅಂದ್ರೆ ಇಲ್ಲೇ. ನನ್ನಮ್ಮನ ಇಲ್ಲೇ ನನಗೆ ಗೊತ್ತಿಲ್ವಾ?"

"ಮೂರು ವರ್ಷದಿಂದ ನನ್ ಜೊತೆ ಕನ್ನಡದಲ್ಲೇ ಮಾತಾಡ್ತಾರಲ್ಲ ಅವ್ರು?"

ಹೀಗೆ ಒಂದು ಮಾತಿಗೆ ಎರಡು ಅರ್ಥ ಹಿಡಿದುಕೊಂಡು ಇಬ್ಬರೂ ಹಗ್ಗ ಎಳೆದರು. ಹಿತ್ತಲಿಗೆ ಹೋಗಿ ಅವಳನ್ನೇ ಕೇಳಬಾರದೇ? ನಾನು ಎದ್ದೆ. ಅಪ್ಪ ಕೈ ಹಿಡಿದು ಕೂರಿಸಿದರು. "ಬೇಡ. ವಯಸ್ಸಾದವಳು, ಬರಲ್ಲ ಅಂತ ಒಂದ್ಸಲ ಹೇಳಿದ್ದೇ ಕಷ್ಟ. ಎರಡನೇ ಸಲ ಹೇಳಿಸಿ ಅಳಿಸ್ಬೇಡ" ಅಂದರು. ಅವರ ಕಣ್ಣು ಒದ್ದೆಯಾಗಿತ್ತು. ಇದೆಲ್ಲ ಪ್ರೀತಿಯಿಂದಲೇ ಆದದ್ದು, ಅದೇ ನನಗೆ ಇವತ್ತಿಗೂ ಹೊಟ್ಟೆ ಉರಿಸುವ ವಿಷಯ.

ಆ ವಾರ ಅಪ್ಪ ಪಾಟಿಯ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಪಾಟಿಗೆ ಅದರ ಗಮನವೇ ಇದ್ದಂತಿರಲಿಲ್ಲ. ಬೆಳಗಿನ ರೈಲಿಗೆ ಬಂಗಾರಪೇಟೆಯಿಂದ ಬರುತ್ತಿದ್ದ ಹಾಲಿನವಳನ್ನು ಗೇಟಿನಲ್ಲಿ ನಿಲ್ಲಿಸಿಕೊಂಡು ಏನೋ ಪಿಸುಗುಟ್ಟುತ್ತಿದ್ದಳು, ಅದೂ ತೆಲುಗಿನಲ್ಲಿ. ಯಾರ ಮೇಲೆ ಸಿಟ್ಟೋ ಅಂದುಕೊಂಡೆ.

ಶುಕ್ರವಾರ ಅಪ್ಪ ಮಿಷನ್ನಿಗೆ ಕಾಗದ ಬರೆದರು. ನಾವು ಮೂವರು ರಾಯಚೂರಿಗೆ, ಪಾಟಿ ಮತ್ತೆ ಮಾರಿಕುಪ್ಪಂಗೆ, ಮಗಳ ಮನೆಗೆ. ಅಮ್ಮ ಓದಿ ಒಳಗೆ ಹೋದಳು, ಟ್ರಂಕಿನ ಮುಚ್ಚಳ ಧಡಾರನೆ ಹಾಕಿದ ಸದ್ದಾಯಿತು.

ಮಾರನೆಯ ದಿನ ರಜೆ. ಪಾಟಿ ಇದ್ದಕ್ಕಿದ್ದಂತೆ, "ತವರಿಗೆ ಹೋಗಿ ಬರ್ತೀನಿ, ಪಾಪನ್ನ ಕಳ್ಸು" ಅಂದಳು. ಅಪ್ಪ, ತಾಯಿ ಮನಸ್ಸು ಹಗುರ ಮಾಡಿಕೊಳ್ಳಲು ಹೊರಟಿದ್ದಾಳೆ ಅಂದುಕೊಂಡು ತಲೆ ಆಡಿಸಿದರು. ನನ್ನ ಕೈಗೆ ಕಾಗದ ಕೊಟ್ಟು, "ಬಂಗಾರಪೇಟೆ ಸ್ಟೇಷನ್ ಡಬ್ಬಕ್ಕೆ ಹಾಕು, ಬೇಗ ಹೋಗುತ್ತೆ" ಅಂದರು.

ಕೋರಮಂಡಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿದೆವು. ಪಾಟಿ ಕಿಟಕಿ ಪಕ್ಕ ಕೂತು ಮದುವಣಗಿತ್ತಿಯ ಹಾಗೆ ಸೀರೆ ಸರಿಮಾಡಿಕೊಳ್ಳುತ್ತಿದ್ದಳು. ಬಂಗಾರಪೇಟೆಯಲ್ಲಿ ಇಳಿದು ಆ ಕೆಂಪು ಡಬ್ಬದ ಮುಂದೆ ನಿಂತೆ. ಕೈ ಮೇಲೇಳಲಿಲ್ಲ. ಹಾಕಿದರೆ ನನ್ನ ಅರ್ಧ ಚಾಪೆ ಖಾಲಿ. "ಹಾಕಿದ್ಯಾ?" ಅಂತ ಪಾಟಿ ಕೂಗಿದಳು. "ಹ್ಞೂಂ" ಅಂದೆ. ಉಪದೇಶಿ ಮಗಳು, ಹಾಡಹಗಲಲ್ಲಿ ಹಸಿ ಸುಳ್ಳು! ಕಾಗದ ಲಂಗದ ಸೊಂಟಪಟ್ಟಿಯಲ್ಲಿ ಚುಚ್ಚುತ್ತಿತ್ತು.

ಅಲ್ಲಿಂದ ಬಸ್ಸಿನಲ್ಲಿ ಹೋಗಿ ಇಳಿದು ಹೊಲದ ಬದುವಿನ ಮೇಲೆ ಒಂದಷ್ಟು ನಡೆದೆವು. ಪಾಟಿಯ ತವರು ಅಪ್ಪ ಪಾಠಕ್ಕೆ ಹೋಗುತ್ತಿದ್ದ ಹಳ್ಳಿಗಳ ನಡುವೆಯೇ ಇತ್ತು, ಹಳೆಯ ಮುನಿಸಿನ ಸಂಕೋಚಕ್ಕೆ ಅವರು ಅಲ್ಲಿಗೆ ಮಾತ್ರ ಕಾಲಿಟ್ಟಿರಲಿಲ್ಲ. ಊರ ಬಾಯಲ್ಲಿ ಪಾಟಿಯ ತಮ್ಮ ಕಾಯುತ್ತಿದ್ದರು. ಅವರೂ ಹಣ್ಣಾಗಿದ್ದರು. ಅಕ್ಕನ ಕೈ ಹಿಡಿದುಕೊಂಡು ನೇರ ಒಂದು ಹಳೆಯ ಮನೆಯ ಮುಂದೆ ನಿಲ್ಲಿಸಿದರು. ಮಣ್ಣಿನ ಗೋಡೆ, ನಾಡಹೆಂಚು, ಜಗಲಿ. ಹುಲ್ಲು ತುಂಬಿದ್ದ ಮನೆಯಂತೆ, ಖಾಲಿ ಮಾಡಿ ಗುಡಿಸಿ ಸಾರಿಸಿದ್ದರು, ಸಗಣಿ ಇನ್ನೂ ಹಸಿಯಾಗಿತ್ತು. "ಇಲ್ಲು ಕಾವಾಲಂಟಿವಿ ಕದಕ್ಕಾ? ಇದಿಗೋ ಇಲ್ಲು" ಅಂದರು ಅವರು. ಮನೆ ಬೇಕು ಅಂದೆಯಲ್ಲಕ್ಕಾ, ಇಗೋ ಮನೆ ಅಂತ.

ಇಲ್ಲು! ನನ್ನ ತಲೆಯಲ್ಲಿ ಏನೋ ಟಕ್ ಅಂತು. ತೆಲುಗಿನಲ್ಲಿ ಇಲ್ಲು ಅಂದರೆ ಮನೆ. ಇಲ್ಲೇ ಅಂದರೆ ಮನೆಯೇ. "ಪಾಟಿ, ಭಾನುವಾರ ಅಪ್ಪನಿಗೆ ನೀನು ಇಲ್ಲೇ ಅಂದೆಯಲ್ಲ, ಯಾವ ಭಾಷೇಲಿ ಅಂದಿದ್ದು?"

"ಅದ್ಯಾವ ಪ್ರಶ್ನೆ ಕಣೇ? ಏನ್ ಬೇಕು ಅಂದ, ಮನೇನೇ ಅಂದೆ. ಮನೆಯೊಂದಿಲ್ಲ ಅಂತ ತಾನೇ ನಿಮ್ಮಪ್ಪ ಈ ಕಡೆ ಬರೋಕೆ ಹಿಂದೆಮುಂದೆ ನೋಡ್ತಿದ್ದಿದ್ದು? ತವರು ನೆನಪಾಯ್ತು, ತವರಿನ ಮಾತೇ ಬಂತು ಬಾಯಿಗೆ. ಆಮೇಲೆ ಹಾಲಿನವಳ ಕೈಲಿ ತಮ್ಮನಿಗೆ ಹೇಳಿ ಕಳಿಸ್ದೆ."

ನಾನು ಅಳುತ್ತಾ ಎಲ್ಲ ಒದರಿಬಿಟ್ಟೆ. ಅಪ್ಪ ಇಲ್ಲ ಅಂತ ಕೇಳಿಸಿಕೊಂಡದ್ದು, ರಾಯಚೂರು, ಕಾಗದ, ನನ್ನ ಸುಳ್ಳು, ಎಲ್ಲ. ಪಾಟಿ ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಂತಿತು, ಜಗಲಿಯ ಮೇಲೆ ಕೂತುಬಿಟ್ಟಳು.

"ನಾನು ಬರಲ್ಲ ಅಂತೀನಿ ಅಂದ್ಕೊಂಡ್ನಾ? ಹೆತ್ತ ಮಗನ್ನ ಬಿಟ್ಟು ಇರ್ತೀನಿ ಅಂತ ಒಂದು ವಾರ ನಂಬ್ಕೊಂಡಿದ್ನಾ?"

ಅವಳ ತಮ್ಮ ಏನೂ ಅರ್ಥವಾಗದೆ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟರು. ಅಕ್ಕ ಅದನ್ನು ತವರಿನ ಜಗಲಿಯ ಮೇಲೆ ಕೂತು ಕುಡಿದದ್ದನ್ನು ನೋಡುತ್ತಾ ಅವರು ಟವಲಿನಿಂದ ಮುಖ ಒರೆಸಿಕೊಂಡರು. ನನಗೆ ಇನ್ನಷ್ಟು ಅಳು ಬಂತು.

ಸಂಜೆ ಮನೆಗೆ ಬಂದಾಗ ಅಪ್ಪ ಅಂಗಳದಲ್ಲಿ ಸೈಕಲ್ಲಿಗೆ ಎಣ್ಣೆ ಹಾಕುತ್ತಿದ್ದರು. ಪಾಟಿ ನನ್ನ ಕೈಯಿಂದ ಕಾಗದ ಕಿತ್ತುಕೊಂಡು ಅವರ ಮುಂದೆ ಹಿಡಿದಳು. "ಲೇ ಉಪದೇಶಿ, ಊರಿಗೆಲ್ಲ ಮೂರು ಭಾಷೇಲಿ ಬುದ್ಧಿ ಹೇಳ್ತೀಯ, ಅಮ್ಮ ಏನಂದ್ಲು ಅಂತ ಒಂದ್ಸಲ ಕೇಳೋಕಾಗ್ಲಿಲ್ವಾ?" ಆಮೇಲೆ ಒಂದು ಮಾತನ್ನು ಎರಡು ಸಲ ಹೇಳದ ನಮ್ಮ ಪಾಟಿ ಅವತ್ತು ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದಳು. ಅಪ್ಪ ಎಣ್ಣೆ ಕೈಯಲ್ಲೇ ಅವಳ ಪಾದ ಹಿಡಿದುಕೊಂಡರು. ಬಾಗಿಲಲ್ಲಿ ನಿಂತಿದ್ದ ಅಮ್ಮ, "ಅಯ್ಯೋ, ಸೀರೆಗೆ ಎಣ್ಣೆ!" ಅಂದಳು, ಅಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಹಾಗಾದ್ರೆ ನಾನು ಕೇಳಿಸ್ಕೊಂಡಿದ್ದೂ ತಪ್ಪು, ನೀವು ಕೇಳಿಸ್ಕೊಂಡಿದ್ದೂ ತಪ್ಪು" ಅಂತ ಆಮೇಲೆ ಅಪ್ಪನಿಗೆ ಹೇಳಿದಳು. ತಾನೂ ಸೋತೆ ಅಂತ ಅವಳು ಒಪ್ಪಿಕೊಂಡದ್ದು ನಾನು ಕಂಡಂತೆ ಅದೊಂದೇ ಸಲ.

ಸುಳ್ಳು ಹೇಳಿದ್ದಕ್ಕೆ ನನಗೆ ಏನು ಶಿಕ್ಷೆಯೋ ಅಂತ ಕಾದೆ. ಅಪ್ಪ ಹಳೆಯ ಕಾಗದವನ್ನು ನನ್ನ ಕೈಗೇ ಕೊಟ್ಟು, "ಒಲೆಗೆ ಹಾಕು" ಅಂದರು.

ಬೇಸಿಗೆ ರಜೆಯಲ್ಲಿ ಆ ಮನೆಗೆ ಹೋದೆವು. ಊರವರಲ್ಲಿ ಕೆಲವರು ದೂರ ನಿಂತು ನೋಡಿದರು, ಕೆಲವರು ಬಂದು ಸಾಮಾನು ಇಳಿಸಿದರು. ಗೌಡರ ಮೊಮ್ಮಗಳು ಮೊದಲ ದಿನವೇ ಸ್ಲೇಟು ಹಿಡಿದು ಬಂದಳು. ಅಮ್ಮ ಟ್ರಂಕನ್ನು ತಳದವರೆಗೂ ಬರಿದು ಮಾಡಿದಳು. ಪರದೆಗಳು ಆ ಗಿಡ್ಡ ಕಿಟಕಿಗೆ ಮೊಳದಷ್ಟು ಉದ್ದವಾದವು, ಆದರೂ ಕತ್ತರಿಸದೆ ಹಾಗೇ ನೇತುಹಾಕಿದಳು. ಖಾಲಿ ಟ್ರಂಕು ಹಿತ್ತಲಿಗೆ ಹೋಯಿತು, ಪಾಟಿಯ ಕೋಳಿಗಳು ಅದರಲ್ಲಿ ಮೊಟ್ಟೆಯಿಡುತ್ತಿದ್ದವು.

ಕೆಲವು ವರ್ಷದ ಮೇಲೆ ಮಿಷನ್ನಿನಿಂದ ಮತ್ತೆ ಕಾಗದ ಬಂತು. ಮುಂದೆ ಎಲ್ಲಿಗೆ ಅಂತ. ನಾನು ಆಗ ಕಾಲೇಜಿಗೆ ಹೋಗುತ್ತಿದ್ದೆ, ಅವತ್ತು ಮನೆಯಲ್ಲೇ ಇದ್ದೆ. ಪಾಟಿಗೆ ಕಣ್ಣು ಮಂಜಾಗಿತ್ತು, ಆದರೂ ಜಗಲಿಯಲ್ಲಿ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ಅಪ್ಪನ ಅಭ್ಯಾಸ ಎಲ್ಲಿ ಹೋಗುತ್ತೆ? ಅವಳ ಪಕ್ಕ ಕೂತು ಒಂದೇ ಉಸಿರಿಗೆ ಕೇಳಿದರು: "ಅಮ್ಮಾ, ಬೇರೆ ಊರಿಗೆ ಬರ್ತೀಯಾ, ಎಲ್ಲಿರ್ತೀಯಾ, ನಿಂಗೇನ್ ಬೇಕು?"

"ಇಲ್ಲೇ" ಅಂದಳು ಪಾಟಿ.

ಈ ಸಲ ಯಾವ ಭಾಷೆಯಲ್ಲಿ ಅಂತ ಯಾರೂ ಕೇಳಲಿಲ್ಲ, ಮೂರು ಪ್ರಶ್ನೆಗೂ ಅದೇ ಉತ್ತರ ಸರಿಯಾಗಿತ್ತು. ಅಪ್ಪ ಒಳಗೆ ಹೋಗಿ ಪೆನ್ನು ತಂದರು.