ಒಂದು ಗೇಣು ನೀರಿನ ಕೆಳಗೆ

ಕೆರೆಯ ಹೆಸರನ್ನು ನಾನು ಬರೆಯುವುದಿಲ್ಲ. ಶಿರಾ ಸೀಮೆಯವರು ಓದಿದರೆ ಅರ್ಧದಲ್ಲೇ ಗುರುತು ಹಿಡಿಯಬಹುದು, ಹಿಡಿಯಲಿ. ಆ ಮನುಷ್ಯನ ಮಕ್ಕಳು, ಮೊಮ್ಮಕ್ಕಳು ಈಗಲೂ ಅದೇ ದಡದಲ್ಲಿದ್ದಾರೆ, ಅವರಿಂದ ನನಗೆ ಯಾವ ಅನ್ಯಾಯವೂ ಆಗಿಲ್ಲ. ಅನ್ಯಾಯ ಮಾಡಿದವನು ಒಬ್ಬನೇ. ಅವನು ಆಡಿದ ಮಾತುಗಳನ್ನು ನಾನು ಅಂದು ಸಂಜೆಯೇ ನೋಟುಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ಶಾಯಿ ಮಾಸಿದೆ, ಮಾತು ಮಾಸಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನಾನು ಮಿಡಿಗೇಶಿ ಕಡೆಯ ಕುರಿ ಸಾಕುವ ಮನೆತನದಲ್ಲಿ ಹುಟ್ಟಿ, ಮಧುಗಿರಿಯಲ್ಲಿ ಓದಿ, ಆ ಕೆರೆಯ ಆಚೆ ದಡದ ಸಣ್ಣ ಊರಿನ ಶಾಲೆಗೆ ಶಿಕ್ಷಕಿಯಾಗಿ ಬಂದಿದ್ದೆ. ಬಾಡಿಗೆ ಮನೆ ಈಚೆ ದಡದ ದೊಡ್ಡ ಊರಿನಲ್ಲಿತ್ತು. ವರ್ಷದ ಬಹುಪಾಲು ಕೆರೆ ಒಣಗಿಯೇ ಇರುತ್ತಿದ್ದುದರಿಂದ ಅಂಗಳದ ಗಾಡಿದಾರಿಯಲ್ಲಿ ನಡೆದೇ ಶಾಲೆಗೆ ಹೋಗುತ್ತಿದ್ದೆ. ದಾರಿಯ ಬಲಕ್ಕೆ ಸರ್ಕಾರ ಬೆಳೆಸಿದ ಕರಿಜಾಲಿಯ ತೋಪು. ಅದರ ಒಂದು ಕೊಂಬೆ ಕಡಿದರೂ ದಂಡ ಬೀಳುತ್ತಿತ್ತು. ಕಾವಲಿನವನು ದಿನಕ್ಕೊಮ್ಮೆ ಸೈಕಲ್ಲಿನಲ್ಲಿ ಬಂದು ನೋಡಿ ಹೋಗುತ್ತಿದ್ದ.

ಆ ವರ್ಷ ಮುಂಗಾರಿನಲ್ಲೇ ಕೆರೆ ಬಹುಪಾಲು ತುಂಬಿತು. ತೋಪಿನೊಳಗೆ ಆಳೆತ್ತರಕ್ಕೂ ಮೀರಿ ನೀರು ನಿಂತಿತು. ಕಾವಲಿನವನ ಸೈಕಲ್ಲು ಏರಿಯ ಮೇಲೇ ನಿಂತು ಹಿಂದಿರುಗಿತು. ಆಗ ಈಚೆ ಊರಿನ ಪಂಚಾಯಿತಿ ಮೆಂಬರು ಎಣ್ಣೆ ಡ್ರಮ್ಮುಗಳನ್ನು ಕಟ್ಟಿ ತೇಲುವ ಅಟ್ಟಣಿಗೆಯೊಂದನ್ನು ಮಾಡಿಸಿದ. ಅದರ ಮೇಲೆ ಕೂಲಿಯವರು ನಿಂತು, ನೀರಿನ ಮಟ್ಟಕ್ಕೆ ಸರಿಯಾಗಿ, ಓರೆಯಾಗಿ ಕೊಡಲಿ ಹಾಕಿ ಜಾಲಿಗಳನ್ನು ಉರುಳಿಸಿದರು. ದಿಮ್ಮಿಗೆ ಹಗ್ಗ ಬಿಗಿದು ದಡದಿಂದ ಎತ್ತುಗಳಲ್ಲಿ ಎಳೆಸಿದರು. ಮುಳ್ಳಿನ ಕೊಂಬೆಗಳನ್ನು ಅಲ್ಲೇ ಮುಳುಗಿಸಿದರು. ನಾನು ಶಾಲೆಯ ಜಗಲಿಯಿಂದ ನಾಲ್ಕು ದಿನ ಇದನ್ನು ನೋಡಿದೆ. ಆ ನಾಲ್ಕೂ ದಿನ ತೂಬಿನ ಮೆಟ್ಟಿಲುಗಳಲ್ಲಿ ಮೇಲಿಂದ ಐದನೆಯದು ನೀರಿಗೆ ಸಮವಾಗಿತ್ತು. ಎಣಿಸುವುದು, ಗುರುತಿಟ್ಟುಕೊಳ್ಳುವುದು ನನ್ನ ಸ್ವಭಾವ. ಜನರಿಗೆ ಅದು ತಮಾಷೆಯಾಗಿ ಕಾಣುತ್ತಿತ್ತು.

ಹಿಂಗಾರಿನಲ್ಲಿ ಕೆರೆ ಕೋಡಿ ಬಿದ್ದಿತು. ಹೆಂಗಸರು ಬಾಗಿನ ಬಿಟ್ಟರು, ಮೆಂಬರು ಮುಂದೆ ನಿಂತು ಸಿಹಿ ಹಂಚಿಸಿದ. ಐದನೆಯ ಮೆಟ್ಟಿಲು ಎರಡು ಗೇಣು ನೀರಿನ ಕೆಳಗೆ ಹೋಯಿತು, ಅದರೊಂದಿಗೆ ಕಡಿದ ಮೋಟುಗಳೂ ಹೋದವು. ಕೋಡಿಯ ಹರಿವಿನಿಂದ ಏರಿಯ ದಾರಿ ಕಡಿದುಹೋದ್ದರಿಂದ ಹೊಳೆ ಸೀಮೆಯ ಒಬ್ಬ ಅಂಬಿಗನನ್ನು ಕರೆಸಿದರು. ಅವನು ಬಿದಿರು ಹೆಣೆದು, ಗೋಣಿತಟ್ಟು ಹೊಲಿದು, ಡಾಂಬರು ಬಳಿದ ಹರಿಗೋಲು ತಂದ. ಅದರ ಹಾದಿ ಮುಳುಗಿದ ತೋಪಿನ ಅಂಚನ್ನು ಹಾದು ಹೋಗುತ್ತಿತ್ತು. ಹೊಳೆಯ ಸುಳಿಗಳನ್ನು ಬಲ್ಲವನೇ, ಆದರೆ ಈ ಕೆರೆಯ ಅಂಗಳವನ್ನು ಒಣಗಿದಾಗ ಅವನು ಕಂಡವನಲ್ಲ.

ಗದ್ದೆಗಳಿಗೆ ತೂಬು ಎತ್ತಿದ ಮೇಲೆ ನೀರು ದಿನಕ್ಕೆ ಒಂದೊಂದು ಬೆರಳು ಇಳಿಯತೊಡಗಿತು. ಐದನೆಯ ಮೆಟ್ಟಿಲಿನ ಮೇಲೆ ಒಂದೂವರೆ ಗೇಣು ಉಳಿದ ದಿನ ನಾನು ಬಸ್ ಸ್ಟಾಪಿನ ಹೋಟೆಲಿನ ಮುಂದೆ ಮೆಂಬರನ್ನು ನಿಲ್ಲಿಸಿ ಹೇಳಿದೆ.

"ಆ ಮೋಟುಗಳಿರೋ ಕಡೆ ಬೊಂಬು ನೆಟ್ಟು ಕೆಂಪು ಬಟ್ಟೆ ಕಟ್ಟಿಸಿ ಮೆಂಬರ್ರೇ. ನೀರು ಇಳೀತಾ ಇದೆ, ಹರಿಗೋಲು ತಗಲುತ್ತೆ."

"ಯಾವ ಮೋಟು ಟೀಚರಮ್ಮ?"

"ನೀವು ಕಡಿಸಿದ ಜಾಲಿಗಳದು."

ಅವನು ಟೀ ಲೋಟವನ್ನು ಕೆಳಗಿಡಲೂ ಇಲ್ಲ. "ಜಾಲಿ ಯಾರು ಕಡ್ಸಿದ್ರು? ನೀರು ನಿಂತು ಕೊಳ್ತು ಬಿದ್ದೋದ್ವು. ಮೋಟೂ ಇಲ್ಲ, ಗೀಟೂ ಇಲ್ಲ." ಆಮೇಲೆ ಬೆಂಚಿನ ಮೇಲಿದ್ದವರ ಕಡೆ ತಿರುಗಿ, "ಟೀಚರಮ್ಮ ಇನ್ಮೇಲೆ ನೀರಿಗೂ ಹಾಜರಿ ಕರೀತಾರಂತೆ ಕಣ್ರಲಾ!" ಎಂದ. ಬೆಂಚಿನ ಮೇಲೆ ಏಳು ಜನರಿದ್ದರು. ಏಳೂ ಜನ ನಕ್ಕರು.

ಅವನೇಕೆ ಒಪ್ಪಲಿಲ್ಲ ಎಂಬುದು ನನಗೆ ಆಗಲೇ ತಿಳಿದಿತ್ತು. ಒಂದೊಂದು ಬೊಂಬೂ ಒಂದೊಂದು ಕದ್ದ ಮರಕ್ಕೆ ಸಾಕ್ಷಿಯಾಗುತ್ತಿತ್ತು. ಅಂಬಿಗನಿಗೂ ಹೇಳಿದೆ. ಅವನು ಮೆಂಬರನ್ನು ಕೇಳಿ ಬಂದು, "ಇಲ್ಲ ಅಂದ್ರಲ್ಲಮ್ಮ ಅವ್ರು" ಎಂದ.

ಕೆಲವೇ ದಿನಗಳಲ್ಲಿ ಐದನೆಯ ಮೆಟ್ಟಿಲಿನ ಮೇಲೆ ಒಂದೇ ಗೇಣು ಉಳಿಯಿತು.

ಆ ದಿನ ಶಾಲೆ ಬಿಟ್ಟು ದಡಕ್ಕೆ ಬಂದಾಗ ಮೂಡಣ ಗಾಳಿ ಬಿರುಸಾಗಿತ್ತು. ಹರಿಗೋಲಿನಲ್ಲಿ ಮೆಂಬರು ಆಗಲೇ ಕುಳಿತಿದ್ದ. ಆಚೆ ಊರಿನಲ್ಲಿ ಏನೋ ಪಂಚಾಯಿತಿ ಮುಗಿಸಿ ಹೊರಟಿದ್ದ. ಅವನೆದುರಿಗೆ ಆಚೆ ಊರಿನ ಕುರಿಗಾರ ತಾತ, ತೊಡೆಯ ಮೇಲೆ ಮಡಿಸಿದ ಹೊಸ ಕಂಬಳಿ. ಮೊಮ್ಮಗನಿಗೆ ಹೆಣ್ಣು ಗೊತ್ತುಮಾಡುವ ಶಾಸ್ತ್ರಕ್ಕೆ ಈಚೆ ಊರಿಗೆ ಹೊರಟಿದ್ದರು. ಅಂಥ ಶಾಸ್ತ್ರಕ್ಕೆ ನಮ್ಮವರು ಹೊಸ ಕಂಬಳಿಯನ್ನು ಗದ್ದಿಗೆಯಾಗಿ ಹಾಸುತ್ತಾರೆ, ಅದರ ಮೇಲೆ ಕುಳಿತು ಆಡಿದ ಮಾತಿಗೆ ಬೇರೆ ಸಾಕ್ಷಿ ಕೇಳುವುದಿಲ್ಲ, ಸುಳ್ಳಾಡುವವನು ಅದರ ಮೇಲೆ ಕೂರುವುದೂ ಇಲ್ಲ. ಹುಣಸೆಬೀಜದ ಗಂಜಿ ಹಾಕಿ ಗಟ್ಟಿ ಮಾಡಿದ ಆ ಕಂಬಳಿಯ ವಾಸನೆ ನನಗೆ ನಮ್ಮಜ್ಜಿಯ ಮನೆಯದೇ ಅನ್ನಿಸಿತು.

ನಡುಕೆರೆಗೆ ಬರುತ್ತಿದ್ದಂತೆ ಗಾಳಿ ಹರಿಗೋಲನ್ನು ಎಡಕ್ಕೆ ತಳ್ಳತೊಡಗಿತು. ಅಂಬಿಗ ಎಷ್ಟು ಹುಟ್ಟು ಹಾಕಿದರೂ ಅದು ಸುತ್ತುತ್ತಲೇ ತೋಪಿದ್ದ ಕಡೆ ಸರಿಯಿತು. ಮೇಲೆ ಏನೂ ಕಾಣುತ್ತಿರಲಿಲ್ಲ. ಬಿಸಿಲಿಗೆ ಹೊಳೆಯುವ ಬರಿಯ ನೀರು. ನಾನು ಮೆಂಬರನ ಮುಖ ನೋಡಿದೆ. ಅವನು ನೀರನ್ನೇ ದಿಟ್ಟಿಸುತ್ತಿದ್ದ, ಎರಡೂ ಕೈಗಳಿಂದ ಅಂಚನ್ನು ಹಿಡಿದಿದ್ದ.

"ಎಲ್ಲಿವೆ ಹೇಳಿ" ಎಂದೆ.

ಅವನು ಕಾಲುಗಳನ್ನು ಒಳಕ್ಕೆ ಎಳೆದುಕೊಂಡ.

ಮೊದಲು ತಳದಲ್ಲಿ ಏನೋ ಗೀರಿದಂತಾಯಿತು. ಮರುಕ್ಷಣವೇ ಒದ್ದಂತೆ ಹರಿಗೋಲು ನಿಂತು, ಗೋಣಿ ಹರಿಯುವ ಸದ್ದಾಯಿತು. ನನ್ನ ಕಾಲಿನ ಪಕ್ಕದಲ್ಲೇ ಬಿದಿರು ಮುರಿದು, ಓರೆಯಾಗಿ ಕಡಿದ ಕಪ್ಪು ಮೊನೆಯೊಂದು ಒಳಕ್ಕೆ ಇಣುಕಿತು. ಗಾಳಿ ನಮ್ಮನ್ನು ತಿರುಗಿಸಿತು, ಮೊನೆ ಹೊರಕ್ಕೆ ಜಾರಿತು, ಅದಿದ್ದ ಜಾಗದಿಂದ ಅಂಗೈ ಉದ್ದದ ಸೀಳಿನಲ್ಲಿ ನೀರು ಬುಗ್ಗೆಯಂತೆ ಎದ್ದಿತು.

ಅಂಬಿಗ ತಲೆಯ ಟವಲನ್ನು ಸುತ್ತಿ ಸೀಳಿಗೆ ತುರುಕಿದ. ನೀರು ಅದನ್ನು ಉಗುಳಿತು. ಮತ್ತೆ ತುರುಕಿ ಹಿಮ್ಮಡಿಯಿಂದ ಒತ್ತಿದ, ಸೀಳು ಇನ್ನಷ್ಟು ಹಿಗ್ಗಿತು. ಆಳ ನೋಡಲು ಇಳಿಸಿದ ಬಿದಿರಿನ ಗಳು ತಲೆಗಿಂತ ಎತ್ತರಕ್ಕೆ ನೆನೆದು ಬಂತು, ತುದಿಯಲ್ಲಿ ಜಾಲಿಮುಳ್ಳಿನ ಕೊಂಬೆ ಸಿಕ್ಕಿಕೊಂಡಿತ್ತು. ಅಂಬಿಗನೊಬ್ಬನಿಗೆ ಈಜು ಬರುತ್ತಿತ್ತು. ಅವನೂ ಆ ಕೊಂಬೆಯನ್ನು ನೋಡಿ ನೀರಿಗಿಳಿಯುವ ಯೋಚನೆ ಬಿಟ್ಟ.

ನಾನು ಊಟದ ಕ್ಯಾರಿಯರಿನ ಬಟ್ಟಲಿನಿಂದ ನೀರು ತೋಡಿ ಚೆಲ್ಲತೊಡಗಿದೆ, ಕೂತಲ್ಲಿಂದಲೇ. ನಾನು ಏಳಲಿಲ್ಲ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ದಡ ಮುಟ್ಟುವವರೆಗೆ ನಾನು ಒಮ್ಮೆಯೂ ಎದ್ದು ನಿಲ್ಲಲಿಲ್ಲ.

"ಒಳಗ್ಲಿಂದ ಮೆತ್ತಿದ್ರೆ ನಿಲ್ಲಾಕಿಲ್ಲ ಕಣಪ್ಪ" ಎಂದರು ತಾತ. "ತೂಬು ಸೋರಿದ್ರೆ ಹೆಂಗ್ ಮುಚ್ತೀವಿ? ನೀರಿನ ಮಗ್ಗುಲಿಂದ ಚಾಪೆ ಬುಡ್ತೀವಿ. ನೀರೇ ಅಮುಕ್ಕಂಡು ಹಿಡ್ಕತದೆ."

"ಚಾಪೆ ಎಲ್ಲೈತೆ ತಾತ ಇಲ್ಲಿ?"

ತಾತ ಒಂದು ಗಳಿಗೆ ತೊಡೆಯ ಮೇಲಿದ್ದುದನ್ನು ನೋಡಿದರು. ಆಮೇಲೆ ಅದರ ಮಡಿಕೆ ಬಿಚ್ಚಿದರು. ಅದನ್ನು ಕಣ್ಣಿಗೊತ್ತಿಕೊಂಡು, ಎರಡು ಮೂಲೆಗಳನ್ನು ಅಂಬಿಗನ ಕೈಗೆ ಕೊಟ್ಟು, ಉಳಿದೆರಡನ್ನು ತಾವು ಹಿಡಿದು ಅಂಚಿನಾಚೆ ನೀರಿಗೆ ಇಳಿಬಿಟ್ಟರು. ಅಂಬಿಗ ಹುಟ್ಟಿನಿಂದ ಅದನ್ನು ತಳದ ಕೆಳಕ್ಕೆ ತಳ್ಳಿದ. ಮೊದಲ ಸಲ ಸುರುಳಿಕೊಂಡು ಮೇಲೆ ಬಂತು. ನೀರು ನನ್ನ ಮೀನಖಂಡದವರೆಗೆ ಏರಿತ್ತು, ಹಾಜರಿ ಪುಸ್ತಕ ತೇಲುತ್ತಿತ್ತು. ಎರಡನೆಯ ಸಲ ಕಂಬಳಿ ಸೀಳಿನ ಕೆಳಗೆ ಬಂದದ್ದೇ ತಡ, ಯಾರೋ ಕೆಳಗಿನಿಂದ ಬಾಯಿಟ್ಟು ಹೀರಿದಂತೆ ತಳಕ್ಕೆ ಕಚ್ಚಿಕೊಂಡಿತು. ಬುಗ್ಗೆ ಕುಗ್ಗಿ ಜಿನುಗಾಯಿತು.

"ಈಗ ಮೆಲ್ಲಗೆ ನಡಿ" ಎಂದರು ತಾತ. "ಇನ್ನೊಂದು ತಗುಲ್ತೋ, ಇನ್ನೊಂದ್ ಕಂಬ್ಳಿ ಇಲ್ಲ."

ಅಂಬಿಗ ಹುಟ್ಟು ಎತ್ತಿದವನು ಹಾಗೇ ನಿಂತ. ಎತ್ತ ಹಾಕಬೇಕೋ ಅವನಿಗೆ ತಿಳಿಯದು. ತಾತ ಮೆಂಬರನ ಕಡೆ ತಿರುಗಿದರು.

"ಲೇ, ಹೇಳ್ಲಾ. ಕಡ್ಸಿದೋನು ನೀನು."

ಹರಿಗೋಲು ಇನ್ನೊಂದು ಗೇಣು ಎಡಕ್ಕೆ ಸರಿಯಿತು. ಆಗ ಅವನು ಹೇಳಿದ: "ಎಡಕ್ ಬ್ಯಾಡ. ಎಡಕ್ಕೆ ಸಾಲೈತೆ. ಬಲಕ್ಕೆ ತಿರುಗ್ಸು, ಅಲ್ಲಿ ಎರಡೇ ಅವೆ, ಮಧ್ಯ ಗಾಡಿದಾರಿ."

ನೋಟುಪುಸ್ತಕದಲ್ಲಿ ಈ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಅವನ ಬೆರಳು ತೋರಿಸಿದ ಕಡೆಗೇ ಹೋದೆವು. ಒಂದು ಸಲ ಪಕ್ಕದಲ್ಲಿ, ಕೈಯಳತೆಯಲ್ಲಿ, ನೀರಿನೊಳಗೆ ಕಪ್ಪು ಮೊನೆಯೊಂದು ಹಾದುಹೋದದ್ದನ್ನು ಕಂಡೆ. ಬಟ್ಟಲಿನ ಸದ್ದು, ತಾತನ ಉಸಿರಿನ ಸದ್ದು, ಇಷ್ಟೇ.

ಏರಿಯ ಮೇಲೆ ಜನ ಸೇರಿದ್ದರು. ಮೆಂಬರು ಮೊದಲು ಇಳಿದ. ಪಂಚೆ ಹಿಂಡಿಕೊಳ್ಳುತ್ತ, ನಾನು ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದ: "ಈ ಟೀಚರಮ್ಮ ಹೆದ್ರಿ ಎದ್ ನಿಂತ್ಬುಟ್ಳು. ತೆಪ್ಪ ವಾಲಿ ಬಂಡೆಗೆ ಹೊಡೀತು. ನಾನಿದ್ದುದ್ಕೆ ಉಳುದ್ವಿ."

ಆ ಕೆರೆಯಂಗಳದಲ್ಲಿ ಒಂದು ಬಂಡೆಯೂ ಇಲ್ಲ.

ನಾನು ನಡೆದದ್ದನ್ನು ಹೇಳಿದೆ. ಕೇಳಿದವರು ನನ್ನ ಒದ್ದೆ ಸೀರೆಯನ್ನು ನೋಡಿದರು, ಮೆಂಬರನ ಮುಖವನ್ನು ನೋಡಿದರು, ಚದುರಿದರು. ಅಂಬಿಗ ಅವನ ಕೈಕೆಳಗಿನವನು, ತಲೆ ತಗ್ಗಿಸಿದ. ವಾರದೊಳಗೆ ನನ್ನನ್ನು ವರ್ಗ ಮಾಡಬೇಕೆಂದು ಒಂದು ಅರ್ಜಿ ತಯಾರಾಯಿತು: ಈ ಶಿಕ್ಷಕಿಗೆ ಬುದ್ಧಿ ಸ್ತಿಮಿತವಿಲ್ಲ, ಊರಿನ ಹಿರಿಯರ ಮೇಲೆ ಕಳ್ಳತನ ಹೊರಿಸುತ್ತಾಳೆ, ಇವಳ ಕೈಗೆ ಮಕ್ಕಳನ್ನು ಒಪ್ಪಿಸಲಾಗದು. ಹೋಟೆಲಿನಲ್ಲಿ ನಕ್ಕ ಏಳು ಜನರೂ ಸಹಿ ಹಾಕಿದರು. ಹರಿಗೋಲಿಗೆ ಹೊಸ ಗೋಣಿ ಹೊಲಿದು, ಡಾಂಬರು ಬಳಿದು, ಮತ್ತೆ ನೀರಿಗೆ ಇಳಿಸಿದರು. ತೂಬನ್ನು ಕೆಲವು ವಾರ ಮುಚ್ಚಿದ್ದರಿಂದ ನೀರು ಅಷ್ಟಕ್ಕೇ ನಿಂತಿತ್ತು, ಮೊನೆಗಳೂ ಅಷ್ಟೇ ಕೆಳಗೆ ನಿಂತಿದ್ದವು. ನಾನು ಕೋಡಿಯ ಕೆಳಗಿನ ಹಳ್ಳ ದಾಟಿ ಸುತ್ತಿ ಬಳಸಿ ಶಾಲೆಗೆ ಹೋಗುತ್ತಿದ್ದೆ. ಸಂತೆಯ ದಿನ ಹರಿಗೋಲಿನ ಅಂಚು ನೀರಿಗೆ ತಾಗುವಷ್ಟು ಜನ ತುಂಬಿಕೊಂಡು ಹೊರಟರೆ ಜಗಲಿಯಲ್ಲಿ ನಿಂತು ಅದು ದಡ ಮುಟ್ಟುವವರೆಗೆ ಪಾಠ ನಿಲ್ಲಿಸುತ್ತಿದ್ದೆ.

ತಾತನ ಮನೆಯ ಶಾಸ್ತ್ರ ಎರವಲು ಕಂಬಳಿಯ ಮೇಲೆ ನಡೆಯಿತು. ಮೂರು ವಾರದ ಮೇಲೆ ಅವರು ಈಚೆ ಊರಿನ ಅರಳಿಕಟ್ಟೆಗೆ ಬಂದರು. ಮೆಂಬರು ಅಲ್ಲಿ ಅರ್ಜಿಗೆ ಕೊನೆಯ ಸಹಿಗಳನ್ನು ಹಾಕಿಸುತ್ತಿದ್ದ. ನಾನು ಬಸ್ಸಿಗೆ ನಿಂತಿದ್ದೆ. ಅಂಬಿಗ ಬೀಡಿ ಸೇದುತ್ತ ಕಟ್ಟೆಯ ಪಕ್ಕದಲ್ಲಿದ್ದ. ತಾತ ಹೆಗಲಿನಿಂದ ಆ ಕಂಬಳಿಯನ್ನೇ ತೆಗೆದು ಹಾಸಿದರು. ನಡುವೆ ಮುರಿದ ಬಿದಿರು ಚುಚ್ಚಿದ ತೂತು, ಸುತ್ತ ಡಾಂಬರಿನ ಕಲೆ.

"ಕೂತ್ಕಳಪ್ಪ ಮೆಂಬರೇ" ಎಂದರು. "ಇದ್ರ ಮ್ಯಾಲೆ ಕೂತು, ಮೋಟಿಲ್ಲ, ಬಂಡೆ ಹೊಡೀತು, ಟೀಚರಮ್ಮ ಎದ್ ನಿಂತ್ಲು ಅಂತ ಒಂದ್ ಮಾತ್ ಹೇಳ್ಬುಡು. ನಾನೇ ಮೊದ್ಲು ಹೆಬ್ಬೆಟ್ಟು ಒತ್ತೀನಿ."

ಮೆಂಬರು ಕಾಗದವನ್ನು ಮಡಿಸಿದ, ಬಿಚ್ಚಿದ. ಕಂಬಳಿಯ ಅಂಚಿನವರೆಗೆ ಬಂದ. ಚಪ್ಪಲಿಯನ್ನೂ ಬಿಟ್ಟ. ಆಮೇಲೆ ಹೇಳಿದ:

"ಒದ್ದೆ ಐತಲ್ಲ ತಾತ."

ಮೂರು ವಾರ ಬಿಸಿಲಿನಲ್ಲಿ ಒಣಗಿ ಹಲಗೆಯಂತೆ ಸೆಟೆದುಕೊಂಡಿದ್ದ ಕಂಬಳಿ ಅದು. ಅವನು ಚಪ್ಪಲಿ ಮೆಟ್ಟಿಕೊಂಡು ಹೋದ. ತಾತ ಅದನ್ನು ಕೊಡವಿ ಮಡಿಸಿದರು. ನನ್ನ ಕಡೆ ನೋಡಲೂ ಇಲ್ಲ. ನನಗಾಗಿ ಬಂದವರಲ್ಲ ಅವರು, ತಮ್ಮ ಕಂಬಳಿಗಾಗಿ ಬಂದವರು.

ಅರ್ಜಿ ಹೋಗಲಿಲ್ಲ. ಹರಿದರೆಂದೂ ಯಾರೂ ಹೇಳಲಿಲ್ಲ. ನಕ್ಕವರಲ್ಲಿ ಒಬ್ಬನೂ ಬಂದು ತಪ್ಪಾಯಿತು ಅನ್ನಲಿಲ್ಲ. ಆದರೆ ಅಂಬಿಗ ಬೀಡಿಯನ್ನು ಅರ್ಧಕ್ಕೇ ಎಸೆದು ಎದ್ದುಹೋಗಿದ್ದ. ಮರುದಿನ ಅವನು ಜನರನ್ನು ಹತ್ತಿಸಲಿಲ್ಲ. ಖಾಲಿ ಹರಿಗೋಲಿನಲ್ಲಿ ಒಬ್ಬನೇ ಗಳು ಇಳಿಸಿ ತಡಕುತ್ತ, ತಗುಲಿದಲ್ಲೆಲ್ಲ ಒಂದೊಂದು ಬೊಂಬು ನೆಟ್ಟು ಕೆಂಪು ಚಿಂದಿ ಕಟ್ಟುತ್ತ ಸಂಜೆಯವರೆಗೆ ಸುತ್ತಿದ. ನಾನು ಜಗಲಿಯಿಂದ ಎಣಿಸಿದೆ. ನಲವತ್ತಮೂರು. ದಿನವೂ ದಾಟುತ್ತಿದ್ದ ಹಾದಿಯ ಎರಡೂ ಬದಿಗೆ ಅವು ಒತ್ತಾಗಿ ನಿಂತಿದ್ದವು. ಏಳು ಬೊಂಬುಗಳು ಹಾದಿಯ ಮೇಲೆಯೇ ಇದ್ದವು.