ಅಕ್ಕನ ಮನೆಯ ‘ಡಿಸ್ಕಷನ್’

ಕಳೆದ ಭಾನುವಾರ ಮಧ್ಯಾಹ್ನ ದೊಮ್ಮಲೂರಿನ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಮುದ್ದೆ ಮುರಿಯುವ ಹೊತ್ತಿಗೆ ಭಾವ ಮೆತ್ತಗೆ ಅಂದರು: “ಐ ಡಿಸ್‌ಅಗ್ರೀ.”

ನನ್ನ ಕೈ ಅಲ್ಲೇ ನಿಂತಿತು.

ಇದರಲ್ಲಿ ಹೆದರುವಂಥದ್ದೇನಿದೆ ಅಂತೀರಾ? ಜೋಗುಪಾಳ್ಯದ ನಮ್ಮ ಮನೆಯಲ್ಲಿ ಜಗಳವೆಂದರೆ ಅಪ್ಪ ಕೂಗುತ್ತಾರೆ, ಅಮ್ಮ ಪಾತ್ರೆ ಕುಕ್ಕುತ್ತಾಳೆ, ಪಕ್ಕದ ಮನೆಯವರು ತಮಿಳಿನಲ್ಲಿ ಪಂಚಾಯಿತಿ ಮಾಡುತ್ತಾರೆ. ಆಮೇಲೆ ಎಲ್ಲರಿಗೂ ಕಾಫಿ.

ಅಕ್ಕ ಕಾಲ್‌ಸೆಂಟರ್ ಟ್ರೈನರ್. ಹೊಸಬರಿಗೆ ಅವಳ ಮೊದಲ ಪಾಠ: ಕಸ್ಟಮರ್ ಜೊತೆ ‘ಆರ್ಗ್ಯೂ’ ಮಾಡಬಾರದು, ‘ಡಿಸ್ಕಸ್’ ಮಾಡಬೇಕು. ಒಪ್ಪಿಗೆಯಾಗದಿದ್ದರೆ ‘ಡಿಫರ್’, ಆಮೇಲೆ ‘ಆಬ್ಜೆಕ್ಟ್’, ತೀರಾ ಆಗದಿದ್ದರೆ ‘ಎಸ್ಕಲೇಟ್’. ಅಂದರೆ ಮೇಲಿನವರಿಗೆ ದಾಟಿಸಿ ಕೈ ತೊಳೆದುಕೊಳ್ಳುವುದು. ಭಾವನದೂ ಅಂಥದ್ದೇ ಆಫೀಸು. ಹೀಗಾಗಿ ಆ ಮನೆಯಲ್ಲಿ ಯಾರೂ ದನಿ ಎತ್ತುವುದಿಲ್ಲ. ನನಗೆ ನಡುಕ ಹುಟ್ಟಿಸುವುದೇ ಅದು.

ವಿಷಯ ಇಷ್ಟೇ. ಅಕ್ಕನಿಗೆ ಪ್ರಮೋಷನ್ ಬಂದಿದೆ. ಒಪ್ಪಿದರೆ ನೈಟ್ ಶಿಫ್ಟ್. ಭಾವನಿಗೆ ಅದು ಬೇಡ.

“ಅರ್ಥ ಆಯ್ತು ರೀ. ಬಟ್ ಐ ಆಬ್ಜೆಕ್ಟ್,” ಅಂದಳು ಅಕ್ಕ, ಅವರಿಗೇ ಸಾರು ಬಡಿಸುತ್ತಾ.

ನಗಿಸೋಣವೆಂದು ಅವಳ ಟ್ರೈನಿಂಗ್ ದನಿಯಲ್ಲೇ, “ಥ್ಯಾಂಕ್ಯೂ ಫಾರ್ ಕಾಲಿಂಗ್! ನಿಮ್ಮ ಜಗಳ ನಮಗೆ ತುಂಬಾ ಮುಖ್ಯ” ಅಂದೆ. (ನನ್ನ ಮಿಮಿಕ್ರಿಗೆ ಗಣೇಶನ ಪೆಂಡಾಲಿನಲ್ಲಿ ಸ್ಟೀಲ್ ಡಬ್ಬಿ ಬಹುಮಾನ ಬಂದಿತ್ತು, ಗೊತ್ತಿರಲಿ.) ಯಾರೂ ನಗಲಿಲ್ಲ. “ಮುಚ್ಕೊಂಡ್ ತಿನ್ನೋ, ಕೋತಿ” ಎಂದು ಬೈದಿದ್ದರೂ ಜೀವ ತಂಪಾಗುತ್ತಿತ್ತು. ಅದೂ ಇಲ್ಲ.

“ಸರಿ, ಹಾಗಾದ್ರೆ ಎಸ್ಕಲೇಟ್ ಮಾಡ್ತೀನಿ,” ಎಂದು ಭಾವ ಎದ್ದರು. ಯಾರಿಗೆ? ಲಾಯರಿಗಾ?

ನಮ್ಮಮ್ಮನಿಗೆ! ಫೋನ್ ಮಾಡಿ ಕರೆಸಿಯೇ ಬಿಟ್ಟರು.

ಅಮ್ಮ ಆಟೋದಲ್ಲಿ ಬಂದಿಳಿದಳು. ಇನ್ನೇನು, ಕನ್ನಡದಲ್ಲಿ ಒಂದು ರೌಂಡ್ ಜಗಳ, ಆಮೇಲೆ ಕಾಫಿ ಎಂದು ನಾನು ಉಸಿರುಬಿಟ್ಟೆ. ಅಮ್ಮ ಇಬ್ಬರ ಮಾತನ್ನೂ ಕೇಳಿದಳು. ಅಕ್ಕನ ಕಡೆ ತಿರುಗಿದಳು.

“ನೀನೇ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೇ.”

ಅಷ್ಟು ಇಂಗ್ಲಿಷ್ ಅವಳಿಗೂ ಬರುತ್ತದೆ.

ಅಕ್ಕ ಡಿಫರ್ ಮಾಡಲಿಲ್ಲ, ಆಬ್ಜೆಕ್ಟ್ ಮಾಡಲಿಲ್ಲ. ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಪಾತ್ರೆ ಕುಕ್ಕುವ ಸದ್ದಿಗಾಗಿ ಕಿವಿಗೊಟ್ಟು ಕೂತೆ. ಬರಲಿಲ್ಲ. ಈ ಶುಕ್ರವಾರ ಅವಳು ಆಫೀಸಿಗೆ ಉತ್ತರ ಕೊಡಬೇಕು. ನಾನು ಫೋನ್ ಮಾಡಿದರೆ, “ಡಿಸ್ಕಸ್ ಮಾಡ್ತಾ ಇದೀವಿ ಕಣೋ” ಅನ್ನುತ್ತಾಳೆ.

ಎಲ್ಲರ ದನಿಯನ್ನೂ ಅನುಕರಿಸುವ ನಾನು ಅವತ್ತು ಅಮ್ಮನ ದನಿಯಲ್ಲಿ ಆ ‘ಅಡ್ಜಸ್ಟ್’ ಮಾತನ್ನು ಭಾವನ ಕಡೆ ತಿರುಗಿಸಿ ಹೇಳಬಹುದಿತ್ತಲ್ಲ, ಯಾಕೆ ಬಾಯಿ ಬರಲಿಲ್ಲ?