ಗೋಡೆಗೆ ಮುಖ ಮಾಡಿದ ಕುರ್ಚಿ

ಕೋಟು ಹೊಲಿಯುವ ಆ ದೊಡ್ಡ ಅಂಗಡಿಯ ಹಿಂದಿನ ಕೋಣೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಕಾಜಕ್ಕ ಎಂದೇ. ಗುಂಡಿ ಹಾಕುವ ತೂತುಗಳಿಗೆ, ಅಂದರೆ ಕಾಜಾಗಳಿಗೆ, ಕೈಯಲ್ಲೇ ಅಂಚು ಹೊಲಿಯುವುದು ಅವಳ ಕೆಲಸ. ಸೇರಿದ ಹೊಸದರಲ್ಲಿ ಪಕ್ಕದವಳ ಹರಟೆಗೆ ಕಿವಿಗೊಟ್ಟು, ಬೆಲೆಬಾಳುವ ಕೋಟೊಂದರ ಕಾಜಾವನ್ನು ಬೇಕಾದ್ದಕ್ಕಿಂತ ಉದ್ದ ಕತ್ತರಿಸಿಬಿಟ್ಟಿದ್ದಳು. ಅವತ್ತೇ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ವರ್ಷಗಟ್ಟಲೆ ಅದು ಮತ್ತೆ ಈಚೆ ತಿರುಗಲೇ ಇಲ್ಲ. ಬೆಳಗ್ಗೆ ಬಂದವಳೇ ಫೋನನ್ನು ಬುತ್ತಿಚೀಲದ ತಳಕ್ಕೆ ತಳ್ಳುವಳು. ನಡುವೆ ಕೈ ನಿಲ್ಲಬಾರದೆಂದು ಅಷ್ಟೂ ಸೂಜಿಗಳಿಗೆ ಒಟ್ಟಿಗೇ ದಾರ ಪೋಣಿಸಿಟ್ಟುಕೊಳ್ಳುವಳು. ಹಿಡಿದ ಕೋಟು ಮುಗಿಯುವ ತನಕ ಟೀ ಬಂದರೂ ಕತ್ತೆತ್ತಳು. ಅವಳು ಕುಡಿದದ್ದೆಲ್ಲ ಆರಿದ ಟೀಯೇ.

ಮಾಲೀಕ ಬಾಯ್ತುಂಬ ಹೊಗಳುತ್ತಿದ್ದ. ಹೊಗಳುವುದಕ್ಕೇನು, ಬಾಯಿ ನೋಯುತ್ತದೆಯೇ? ನೋಯುತ್ತಿದ್ದದ್ದು ಇವಳ ಕಣ್ಣು. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಎಳೆದೆಳೆದು, ಸಂಜೆಯ ಹೊತ್ತಿಗೆ ಎಲ್ಲ ಮಂಜಾಗುತ್ತಿತ್ತು. ಹೀಗೇ ನಡೆಸಿದರೆ ಕಣ್ಣು ಕೈಕೊಡುತ್ತದೆ ಎಂದು ಡಾಕ್ಟರು ಹೇಳಿಯಾಗಿತ್ತು. ಅಷ್ಟರಲ್ಲಿ ಕೋಣೆಯ ಮೇಲ್ವಿಚಾರಕ ಕೆಲಸ ಬಿಟ್ಟ. ಆ ಜಾಗ ಸಿಕ್ಕರೆ ಓಡಾಡಿಕೊಂಡು ಕೆಲಸ ನೋಡಿಕೊಳ್ಳಬಹುದು, ಕಣ್ಣೂ ಉಳಿಯುತ್ತದೆ. ತನ್ನನ್ನು ಬಿಟ್ಟು ಇನ್ನಾರಿಗೆ ಕೊಟ್ಟಾರು ಎಂದುಕೊಂಡಿದ್ದಳು, ಪಾಪ.

ಕೊಟ್ಟದ್ದು ಕಿಟಕಿ ಪಕ್ಕ ಕೂತು ಕಾಲರ್ ಹೊಲಿಯುವವಳಿಗೆ. ನಿನ್ನೆ ಮೊನ್ನೆ ಬಂದವಳು, ಸೂಜಿಗಿಂತ ನಾಲಿಗೆ ಚುರುಕು. ಆದರೆ ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂಬುದರ ತನಕ ಎಲ್ಲರ ವಿಷಯವೂ ಅವಳಿಗೆ ಗೊತ್ತಿತ್ತು.

ಕಾಜಕ್ಕ ಮೊದಲ ಸಲ ಅರ್ಧ ಹೊಲಿದ ಕೋಟನ್ನು ಕೆಳಗಿಟ್ಟು ಮಾಲೀಕನ ಬಳಿ ಹೋದಳು. ತಾನು ಯಾಕೆ ಬೇಡವಾದೆ ಎಂದು ಕೇಳಿದಳು.

"ನಿಮ್ಮನ್ನ ಎಬ್ಬಿಸಿದ್ರೆ ಕಾಜಾ ಯಾರಮ್ಮ ಹಾಕ್ತಾರೆ?" ಎಂದ ಅವನು. "ಅಲ್ದೆ, ಅಲ್ಲಿರೋರಲ್ಲಿ ಎಷ್ಟು ಜನರ ಹೆಸರು ನಿಮಗೆ ಗೊತ್ತು, ಹೇಳಿ ನೋಡೋಣ."

ಒಂದು ಹೆಸರೂ ನಾಲಿಗೆಗೆ ಬರಲಿಲ್ಲ. ಕಣ್ಣಿನ ವಿಷಯ ಬಾಯಿಬಿಟ್ಟರೆ ಇರುವ ಕೆಲಸಕ್ಕೂ ಸಂಚಕಾರ. ಅವಮಾನ ನುಂಗಿಕೊಂಡು ವಾಪಸು ಬಂದಳು.

ಅವಳಿಗೆ ಬೇಜಾರಾಗಬಾರದಲ್ಲ, ಮಾಲೀಕ ಒಂದು ಗೌರವ ದಯಪಾಲಿಸಿದ. ಇನ್ನು ಮುಂದೆ ಎಲ್ಲರೂ ಕಾಜಕ್ಕನ ಹಾಗೇ ಕೆಲಸ ಮಾಡಬೇಕೆಂದು ಅಪ್ಪಣೆಯಾಯಿತು. ಹೊಸ ಮೇಲ್ವಿಚಾರಕಿ ಫೋನುಗಳನ್ನೆಲ್ಲ ಚೀಲಕ್ಕೆ ಹಾಕಿಸಿದಳು, ಕುರ್ಚಿಗಳನ್ನೆಲ್ಲ ಗೋಡೆಗೆ ತಿರುಗಿಸಿದಳು. ಹೆಂಗಸರು ಕಾಜಕ್ಕನಿಗೆ ಹಿಡಿಶಾಪ ಹಾಕುತ್ತಲೇ ತಲೆ ತಗ್ಗಿಸಿದರು.

ಮರುದಿನ ಕಾಜಕ್ಕ ತನ್ನ ಕುರ್ಚಿಯನ್ನು ಕೋಣೆಯ ಕಡೆ ತಿರುಗಿಸಿ ಕೂತಳು. ಎಲ್ಲಿ ನೋಡಿದರೂ ಬೆನ್ನುಗಳು. ಟೀ ಬಂದಾಗ ಬಿಸಿಯಿರುವಾಗಲೇ ಎತ್ತಿಕೊಂಡು, ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದವಳ ಕಡೆ ಬಾಗಿದಳು.

"ತಂಗಿ, ನಿನ್ನ ಹೆಸರೇನು?"

ಅವಳು ತಿರುಗಲಿಲ್ಲ. "ಈ ಕೋಟು ಮುಗೀಲಿ ಅಕ್ಕಾ" ಎಂದಳು.